ಬೆರಕೆಯೆಂಬ ಬೈಗಳು

ಶಾಸ್ತ್ರೀಯ ಸಂಗೀತ, ಜಾಝ್, ಜಾನಪದ ಈ ಮೂರನ್ನೂ ಹದವರಿತು ಕೂಡಿಸಿ, ಎರಡು ಮೂರು ನಿಮಿಷಗಳಲ್ಲಿ ನುಡಿಸಿ ಮುಗಿಸಬಹುದಾದ ಪಿಯಾನೋ ಕಿರುಕೃತಿಗಳನ್ನು ರಚಿಸುವ ಪದ್ಧತಿಯು ಪಶ್ಚಿಮದಲ್ಲಿ ಸುಮಾರು ಒಂದು ಶತಮಾನದಿಂದ ಬೆಳೆದುಬಂದಿರುವದು. ನಮ್ಮ ಸೀಮೆಯ ಮಟ್ಟುಗಳಿಂದಲೂ ಇಂಥ ಕೃತಿಗಳನ್ನೇಕೆ ರಚಿಸಬಾರದು ಎಂದು ಯಾರಾದರೂ ಕೇಳಿದರೆ, ‘ಅದು ಬೆರಕೆ’ ಎಂಬ ಒಂದೇ ಶಬ್ದದಿಂದ ಅವರ ಬಾಯಿ ಮುಚ್ಚಿಸುವ ಶುದ್ಧಿವಾದಿಗಳು ನಮ್ಮಲ್ಲಿ ವಿರಳರಲ್ಲ. ಈ ಶಬ್ದಕ್ಕೆ ವಿಮರ್ಶೆಯ ವೇಷವಿದ್ದರೂ ಅದರ ಜಾತಿ ಬೈಗಳದ್ದೇ. ಅದರಲ್ಲಿಯೂ ಗೋಕಾವಿ, ಮೂಡಲಗಿ, ಹುಕ್ಕೇರಿಗಳ ಸೀಮೆಯವರಾದ ನಾವು ಈ ಬೈಗಳನ್ನು ಆಡುವದು ನಮ್ಮ ಮನೆಯ ತೊಲೆಯನ್ನು ನಾವೇ ಕಡಿದಂತೆ.

ನಮ್ಮ ಹೆಮ್ಮೆಯ ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳೋಣ. ಅಪರಾಳ ತಮ್ಮಣ್ಣನು ಬರೆದ ಕಥೆಯನ್ನು ಕುಲಗೋಡ ತಮ್ಮಣ್ಣನು ತಿದ್ದಿ ಬೆಳೆಸಿ ಬಯಲಿಗೆ ತಂದನು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯು ಅದಕ್ಕೆ ಕೀರ್ತಿಯನ್ನು ತಂದಳು. ಅದರಲ್ಲಿ ಹಿಂದುಸ್ತಾನಿ ರಾಗದ ನೆರಳಿದೆ. ಹಳ್ಳಿಯ ಹಾಡಿನ ಮಟ್ಟಿದೆ. ಭಾಗವತನ ಗಾಂಭೀರ್ಯವೂ ದೂತಿಯ ಚೇಷ್ಟೆಯೂ ಇವೆ. ಇವೆಲ್ಲವನ್ನು ಹೊತ್ತು ನಡೆಯಿಸುವ ಪೇಟಿಯಾದರೋ 1840ರ ಸುಮಾರಿಗೆ ಪ್ಯಾರಿಸಿನಲ್ಲಿ ದೆಬೇನನ ಕೈಯಲ್ಲಿ ರೂಪುಗೊಂಡು, ಮುಂದೆ ಕಲಕತ್ತೆಯಲ್ಲಿ ದ್ವಾರಕಾನಾಥ ಘೋಷರಂಥವರಿಂದ ನಮ್ಮ ಕುಳಿತು ನುಡಿಸುವ ರೂಢಿಗೆ ಒಗ್ಗಿಸಲ್ಪಟ್ಟು ಇಲ್ಲಿಗೆ ಬಂದದ್ದು. ಬೆರಕೆಯನ್ನೆಲ್ಲ ಹೊರಹಾಕಬೇಕೆಂದರೆ ಮೊದಲು ಪಾರಿಜಾತವನ್ನೇ ಹೊರಹಾಕಬೇಕಾದೀತು!

ಈ ವಾದವನ್ನು ಹಿಂದೊಮ್ಮೆ ಅಧಿಕಾರವುಳ್ಳವರೇ ಹೂಡಿ ಸೋತಿದ್ದಾರೆ. ಪೇಟಿಯು ಪರದೇಶದ್ದು, ಅದರ ಸ್ವರಗಳು ಜಡವಾದವು, ಅದರಲ್ಲಿ ಮೀಂಡ ಹೊರಡದು ಎಂಬ ಕಾರಣಗಳಿಂದ 1940ರಲ್ಲಿ ಆಕಾಶವಾಣಿಯು ಅದನ್ನು ತನ್ನ ಬಾಗಿಲಿನಿಂದ ಹೊರಗಟ್ಟಿತು. ಆ ನಿರ್ಬಂಧವು ಸಡಿಲಗೊಂಡದ್ದು 1971ರಲ್ಲಿ. ಈ ಮೂವತ್ತು ವರ್ಷ ಪೇಟಿಯೇನು ಸತ್ತಿತೇ? ಬಯಲಾಟದ ಅಟ್ಟದ ಮೇಲೂ ಭಜನೆಯ ಗುಡಿಯಲ್ಲೂ ಅದು ಮೊರೆಯುತ್ತಲೇ ಇದ್ದಿತು. ನಮ್ಮ ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರು (1917–2010) ಅದೇ ಜಡವೆನಿಸಿದ ಪಟ್ಟಿಗಳಿಂದ ಗಾಯಕಿಯನ್ನೇ ನುಡಿಯಿಸಿ, ಶಿಷ್ಯರ ಪರಂಪರೆಯನ್ನೇ ಬೆಳೆಸಿದರು. ನಿಷೇಧಕ್ಕೆ ಇದಕ್ಕಿಂತ ಉತ್ತಮವಾದ ಉತ್ತರವುಂಟೇ?

ಆಕ್ಷೇಪದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವದಿಲ್ಲ. ಸಪ್ತಕಕ್ಕೆ ಹನ್ನೆರಡೇ ಪಟ್ಟಿಗಳು. ಅವುಗಳ ನಡುವಣ ಶ್ರುತಿಗಳಿಗೆ ಅಲ್ಲಿ ಇಂಬಿಲ್ಲ. ಆದರೆ ಈ ಕೊರತೆಯು ಪಿಯಾನೋದ ಮುಂದೆ ಕುಳಿತ ಅಮೇರಿಕೆಯ ಕರಿಯ ಜನಾಂಗದ ವಾದಕರನ್ನೂ ಕಾಡಿತ್ತು. ಅವರ ಹಾಡಿನ ಗಾಂಧಾರವು ಕೋಮಲವೂ ಅಲ್ಲದ, ಶುದ್ಧವೂ ಅಲ್ಲದ ನಡುವಣ ಸ್ವರ. ಅವರು ಕೈಚೆಲ್ಲಿ ಕುಳಿತುಕೊಳ್ಳಲಿಲ್ಲ. ಕೋಮಲವನ್ನು ಮಿಂಚಿನಂತೆ ಮುಟ್ಟಿ ಶುದ್ಧಕ್ಕೆ ಜಾರಿ, ಇಲ್ಲದ ಸ್ವರದ ಭ್ರಮೆಯನ್ನು ಕಿವಿಗೆ ಹುಟ್ಟಿಸಿದರು. ಒಬ್ಬನು ಕರೆದರೆ ಉಳಿದವರು ಓಗೊಡುವ ಅವರ ಹಾಡಿನ ಬಗೆಯು, ಮುಂದಾಳು ದಪ್ಪು ಬಡಿದು ಹಾಡಲು ಹಿಮ್ಮೇಳವು ‘ಗೀಗೀ’ ಎಂದು ದನಿಗೂಡಿಸುವ ನಮ್ಮ ಪದಗಳಿಗೆ ದೂರದ ನೆಂಟನೆನ್ನಬಹುದು.

ಇನ್ನು ಜಾನಪದದ ಮಾತು. ಹಂಗೇರಿಯ ಬೇಲಾ ಬಾರ್ತೋಕನು 1906ರಿಂದ ಫೋನೋಗ್ರಾಫ್ ಯಂತ್ರವನ್ನು ಹೊತ್ತು ಹಳ್ಳಿಹಳ್ಳಿ ತಿರುಗಿ ರೈತರ ಹಾಡುಗಳನ್ನು ಹಿಡಿದಿಟ್ಟನು. ಆ ಅಭ್ಯಾಸದ ಫಲವೆಂಬಂತೆ 1926ರಿಂದ 1939ರ ವರೆಗೆ ‘ಮಿಕ್ರೋಕಾಸ್ಮೋಸ್’ ಎಂಬ 153 ಕಿರುಕೃತಿಗಳು ಹುಟ್ಟಿದವು. ಅವುಗಳಲ್ಲಿ ಮೊದಲಿನವು ಮಕ್ಕಳು ನುಡಿಸುವಂಥವು. ಕೊನೆಯ ಆರರಲ್ಲಿ ಬಲ್ಗೇರಿಯದ ಕುಣಿತದ ತಾಳಗಳಿವೆ; 149ನೆಯದರ ನಡೆಯು ಎರಡು, ಎರಡು, ಮೂರು. ನಮ್ಮ ರೂಪಕದ ಮೂರು, ಎರಡು, ಎರಡನ್ನು ಬಲ್ಲವನಿಗೆ ಇದು ಅಪರಿಚಿತವೇ?

ಇಷ್ಟು ದೂರವಾದರೂ ಏಕೆ ಹೋಗಬೇಕು? ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಾಳವದ ಹೆಂಗಸರ ಹಾಡುಗಳಲ್ಲಿ ರಾಗದ ಬೀಜಗಳನ್ನು ಕಂಡು, ಹೊಸ ರಾಗಗಳನ್ನೇ ಬೆಳೆಸಿ, 1965ರಲ್ಲಿ ‘ಅನೂಪರಾಗವಿಲಾಸ’ದಲ್ಲಿ ಪ್ರಕಟಿಸಿದರು. ಮಾಳವದ ಹಾಡಿಗೆ ದೊರೆತ ಗೌರವವು ಮೂಡಲಗಿಯ ಹಾಡಿಗೆ ದೊರೆಯಬಾರದೆಂಬ ಶಾಸ್ತ್ರವು ಎಲ್ಲಿದೆ?

ಆದರೆ ನಮ್ಮ ವಾದದ ನೆರಳಿನಲ್ಲಿ ಇನ್ನೊಬ್ಬರು ನುಸುಳದಂತೆ ಎಚ್ಚರದಿಂದಿರಬೇಕು. ವಿದ್ಯುತ್ ಕೀಬೋರ್ಡಿನ ಗುಂಡಿಯನ್ನೊತ್ತಿ, ಕಾರಖಾನೆಯಲ್ಲಿ ಸಿದ್ಧಗೊಂಡು ಬಂದ ತಾಳವನ್ನು ಹರಿಯಬಿಟ್ಟು, ಅದರ ಮೇಲೆ ಒಂದು ಹಂತಿಯ ಪದವನ್ನು ಎಳೆದುಹಾಕಿ ‘ಫ್ಯೂಜನ್’ ಎಂದು ಕರೆಯುವವರಿದ್ದಾರೆ. ಅಲ್ಲಿ ಹಾಡು ಯಂತ್ರಕ್ಕೆ ತಲೆಬಾಗಿದೆ. ಕರಡಿಮಜಲಿನವನ ಕೈಯ ಏರಿಳಿತವು ಕಾಣೆಯಾಗಿದೆ. ಶುದ್ಧಿವಾದಿಯು ಹಾಡನ್ನು ಪೆಟ್ಟಿಗೆಯಲ್ಲಿಟ್ಟು ಉಸಿರುಗಟ್ಟಿಸುವನು. ಇವನು ಸಂತೆಯಲ್ಲಿ ಹರಾಜು ಹಾಕುವನು. ಇಬ್ಬರಿಂದಲೂ ಹಾಡಿಗೆ ಒಂದೇ ಗತಿ.

ಕಿರುಕೃತಿಯೇ ಏಕೆಂದರೆ, ಅದು ಒಂದು ಮಟ್ಟಿನ ಸಾರವನ್ನು ಹಿಗ್ಗಿಸದೆ ಕುಗ್ಗಿಸದೆ ಹಿಡಿಯುವದು. ಗರ್ಶ್‌ವಿನ್ನನು 1926ರಲ್ಲಿ ನುಡಿಸಿದ ಮೂರು ಪ್ರಿಲ್ಯೂಡುಗಳು ಕೂಡಿ ಏಳೆಂಟು ನಿಮಿಷಗಳನ್ನು ಮೀರವು. ಉಕ್ರೇನಿನಲ್ಲಿ ಹುಟ್ಟಿದ ನಿಕೊಲಾಯ್ ಕಪೂಸ್ತಿನ್ (1937–2020) ಜಾಝ್ ಶೈಲಿಯ ತನ್ನ 24 ಪ್ರಿಲ್ಯೂಡುಗಳ ಒಂದೊಂದು ಸ್ವರವನ್ನೂ 1988ರಲ್ಲಿ ಬರೆದಿಟ್ಟನು. ಆದುದರಿಂದಲೇ ಆತನ ಕಾಲಾನಂತರವೂ ಅವು ಇತರರ ಕೈಯಲ್ಲಿ ಬದುಕಿವೆ. ನಮ್ಮಲ್ಲಿಯಾದರೋ ಒಬ್ಬ ಮುದುಕ ಭಾಗವತನು ಕಣ್ಣುಮುಚ್ಚಿದರೆ ಅವನೊಡನೆ ಹಲವು ಮಟ್ಟುಗಳು ಮಣ್ಣಾಗುವವು. ಶುದ್ಧಿಯ ಗದ್ದಲದಲ್ಲಿ ನಾವು ಕಳೆದುಕೊಳ್ಳುತ್ತಿರುವದು ಇದನ್ನು.

ಪಿಯಾನೋ ನಮ್ಮೂರಲ್ಲಿ ಎಲ್ಲಿದೆ ಎಂದು ಕೇಳಬಹುದು. ಪೇಟಿಗೂ ಪಿಯಾನೋಕ್ಕೂ ಪಟ್ಟಿಗಳ ಜೋಡಣೆ ಒಂದೇ; ಕೃತಿಯು ಮೊದಲು ಪೇಟಿಯ ಮೇಲೆ ಹುಟ್ಟಲಿ. ನಮ್ಮ ಸೂಚನೆಗಳು ಮೂರೇ. ಹಾಡಿದವರ ಹೆಸರು, ಊರುಗಳೊಡನೆ ಮಟ್ಟನ್ನು ಯಥಾವತ್ತಾಗಿ ಬರೆದುಕೊಳ್ಳತಕ್ಕದ್ದು. ಕೃತಿಯಲ್ಲಿ ಮೊದಲು ಆ ಮಟ್ಟು ತನ್ನ ರೂಪದಲ್ಲಿಯೇ ಕೇಳಿಸಿ, ಬೆರಕೆಯು ಅನಂತರ ಬರತಕ್ಕದ್ದು. ತಾಳವು ಮನುಷ್ಯನ ಕೈಯಿಂದಲೇ ಹುಟ್ಟತಕ್ಕದ್ದು.

ಕುಲಗೋಡ ತಮ್ಮಣ್ಣನು ಯಾರ ಅಪ್ಪಣೆಗಾಗಿಯೂ ಕಾಯಲಿಲ್ಲ. ನಮ್ಮ ತರುಣ ವಾದಕರೇಕೆ ಕಾಯಬೇಕು?