ಬಾರ್ಜು ಹೊರಟುಹೋಯಿತು, ಲೆಕ್ಕ ನಮ್ಮಲ್ಲೇ ಉಳಿಯಿತು

ಮಂಗಳೂರಿನ ಬಂದರು ಪ್ರದೇಶದ ತಣ್ಣೀರುಬಾವಿಯಲ್ಲಿ, ಗುರುಪುರ ನದಿಯ ದಡದಲ್ಲಿ, 2001ರಲ್ಲಿ ಒಂದು ವಿಚಿತ್ರ ವಿದ್ಯುತ್ ಸ್ಥಾವರ ಉತ್ಪಾದನೆ ಆರಂಭಿಸಿತು. ಜಿಎಂಆರ್ ಸಮೂಹದ, 220 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರ ನಿಂತದ್ದು ನೆಲದ ಮೇಲಲ್ಲ, ಬಾರ್ಜುಗಳ ಮೇಲೆ. ಅದು ಉರಿಸುತ್ತಿದ್ದುದು ಕಚ್ಚಾತೈಲದಿಂದ ದೊರೆಯುವ ನ್ಯಾಫ್ತಾವನ್ನು. ರಾಜ್ಯದೊಡನೆ ಮಾಡಿಕೊಂಡ ಏಳು ವರ್ಷಗಳ ಖರೀದಿ ಒಪ್ಪಂದ 2008ರಲ್ಲಿ ಮುಗಿಯಿತು. 2010ರಲ್ಲಿ ಬಾರ್ಜುಗಳು ಆಂಧ್ರದ ಕಾಕಿನಾಡಕ್ಕೆ ತೆರಳಿದವು.

ಘಟ್ಟದಾಚೆಯ ಈ ವೃತ್ತಾಂತ ಚಂದಕವಾಡಿಯ ರೈತನಿಗೇಕೆ ಎಂದು ಕೇಳಬಹುದು. ವಿದ್ಯುತ್ತಿನ ತಂತಿಗೆ ಘಟ್ಟ ಅಡ್ಡಬರುವುದಿಲ್ಲ. ಬಿಲ್ಲಿಗಂತೂ ಬರುವುದೇ ಇಲ್ಲ. 2005ರಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಬೇರೆಯಾಗುವವರೆಗೆ ನಮ್ಮ ಜಿಲ್ಲೆ ಮಂಗಳೂರು ಕಂಪನಿಯ ವ್ಯಾಪ್ತಿಯಲ್ಲೇ ಇತ್ತು. ಕರಾವಳಿಯಲ್ಲಿ ಉರಿದ ತೈಲದ ವೆಚ್ಚ ರಾಜ್ಯದ ಎಲ್ಲ ಗ್ರಾಹಕರ ದರದಲ್ಲಿ ಸೇರಿಹೋಯಿತು.

ಲೆಕ್ಕವನ್ನು ನಾವೇ ಮಾಡಿ ನೋಡೋಣ. ಒಂದು ಕಿಲೋ ನ್ಯಾಫ್ತಾದಲ್ಲಿ ಸುಮಾರು 10,500 ಕಿಲೋಕ್ಯಾಲರಿ ಶಾಖವಿದೆ. ಇಂಥ ಸ್ಥಾವರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 2,000 ಕಿಲೋಕ್ಯಾಲರಿ ಬೇಕು. ಅಂದರೆ 190 ಗ್ರಾಂ ನ್ಯಾಫ್ತಾ. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ 220 ಮೆಗಾವಾಟಿನ ಸ್ಥಾವರ ದಿನಕ್ಕೆ 52.8 ಲಕ್ಷ ಯೂನಿಟ್ ಉತ್ಪಾದಿಸುತ್ತದೆ. ಅದಕ್ಕೆ ಸುಮಾರು 1,000 ಟನ್ ನ್ಯಾಫ್ತಾ ಉರಿಯಬೇಕು. ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ 3,000 ಟನ್ನಿನಷ್ಟು. ಕಲ್ಲಿದ್ದಲಿನಂತೆ ಇದರಲ್ಲಿ ಬೂದಿಯಿಲ್ಲ ಎಂಬುದು ನಿಜ. ಆದರೆ ಬೂದಿ ಕಣ್ಣಿಗೆ ಬೀಳದಿದ್ದ ಮಾತ್ರಕ್ಕೆ ಬೆಂಕಿ ಪವಿತ್ರವಾಗುವುದೇ?

ಕೃಷಿಯ ಕಣ್ಣಿನಿಂದ ನೋಡಿದರೆ ವಿಡಂಬನೆ ಇನ್ನೂ ಗಾಢವಾಗುತ್ತದೆ. ಅದೇ ಬಂದರು ಪ್ರದೇಶದ ಪಣಂಬೂರಿನಲ್ಲಿ ಮಂಗಳೂರು ರಸಗೊಬ್ಬರ ಕಾರ್ಖಾನೆ ಅಂದು ಯೂರಿಯಾ ತಯಾರಿಸುತ್ತಿದ್ದುದು ನ್ಯಾಫ್ತಾದಿಂದಲೇ. ಒಂದೆಡೆ ಗೊಬ್ಬರಕ್ಕೆ ಕಚ್ಚಾವಸ್ತುವಾಗಿದ್ದ ದುಬಾರಿ ದ್ರವವನ್ನು ಕೂಗಳತೆಯಲ್ಲಿ ಬಲ್ಬು ಬೆಳಗಿಸಲು ಸುಡಲಾಯಿತು. 2008ರ ಜುಲೈನಲ್ಲಿ ಕಚ್ಚಾತೈಲ ಪೀಪಾಯಿಗೆ 147 ಡಾಲರ್ ಮುಟ್ಟಿತು. ತೈಲವನ್ನು ನೆಚ್ಚಿದ ವಿದ್ಯುತ್ತಿನ ಬೆಲೆ ಯಾರ ಹಿಡಿತದಲ್ಲೂ ಇರುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ರಾಜ್ಯದಲ್ಲಿ ವಿದ್ಯುತ್ ಕೊರತೆಯಿತ್ತು, ತುರ್ತಾಗಿ ಸ್ಥಾವರ ಬೇಕಿತ್ತು ಎಂಬುದು ಸಮರ್ಥಕರ ವಾದ. ಕೊರತೆ ಇದ್ದುದು ಸತ್ಯ. ಆದರೆ ಅದೇ ಕಾಲದಲ್ಲಿ ರಾಜ್ಯದ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಭಾಗ ಸಾಗಣೆ ಮತ್ತು ವಿತರಣೆಯಲ್ಲಿಯೇ ಸೋರಿಹೋಗುತ್ತಿತ್ತು. ತೂತುಬಿದ್ದ ಕೊಡಕ್ಕೆ ದೂರದಿಂದ ದುಬಾರಿ ನೀರು ತಂದು ಸುರಿಯುವುದನ್ನು ಯಾವ ಒಕ್ಕಲಿಗನೂ ಜಾಣತನವೆನ್ನಲಾರ.

ಇಂಥ ಒಪ್ಪಂದಗಳ ತಿರುಳು ಸ್ಥಿರ ಶುಲ್ಕದಲ್ಲಿದೆ. ಸ್ಥಾವರ ಸಿದ್ಧವಾಗಿ ನಿಂತಿದ್ದರೆ ಸಾಕು, ವಿದ್ಯುತ್ ಕೊಳ್ಳಲಿ ಬಿಡಲಿ, ಬಂಡವಾಳದ ಬಾಬ್ತು ಸಲ್ಲಿಸಲೇಬೇಕು. ಇಂಧನದ ದರ ಏರಿದರೆ ಆ ಹೊರೆಯೂ ಗ್ರಾಹಕನಿಗೇ ವರ್ಗವಾಗುತ್ತದೆ. ನಮ್ಮ ಅರಿಶಿನ ಬೆಳೆಗಾರನಿಗೆ ಮಳೆ ಕೈಕೊಟ್ಟಾಗ, ಬೆಲೆ ಕುಸಿದಾಗ ಇಂಥ ಭರವಸೆಯನ್ನು ಯಾವ ಸರ್ಕಾರ ಬರೆದುಕೊಟ್ಟಿದೆ? ಬಂಡವಾಳಕ್ಕೆ ಅಭಯ, ಬೆವರಿಗೆ ಅದೃಷ್ಟ: ಇದೇ ನಮ್ಮ ಇಂಧನ ನೀತಿಯ ಸಾರ.

ಯಲಹಂಕದ ಡೀಸೆಲ್ ಸ್ಥಾವರ, ಬೆಳಗಾವಿಯ ತೈಲ ಸ್ಥಾವರಗಳೂ ಕಾಲಕ್ರಮದಲ್ಲಿ ಕಣ್ಮರೆಯಾದವು. ಆದರೆ ಅವುಗಳನ್ನು ತಂದ ಆತುರ ಇನ್ನೂ ಕಣ್ಮರೆಯಾಗಿಲ್ಲ. ಪ್ರತಿ ಬೇಸಿಗೆಯಲ್ಲೂ ಕೊರತೆಯ ಹೆಸರಿನಲ್ಲಿ ಹೊಸ ಖರೀದಿ, ಹೊಸ ಸ್ಥಾವರಗಳ ಮಾತು ಏಳುತ್ತದೆ. ಇತ್ತ ಕಾಡಂಚಿನ ಹಳ್ಳಿಗಳಲ್ಲಿ ಪಂಪಿಗೆ ರಾತ್ರಿ ವಿದ್ಯುತ್ ಬಂದಾಗ ಆನೆಗಳ ಹಾದಿಯಲ್ಲೇ ನಡೆದು ಗದ್ದೆಗೆ ಹೋಗುವವನು ರೈತ. ಅವನಿಗೆ ಬೇಕಾದದ್ದು ಹಗಲಿನ ವಿದ್ಯುತ್. ಸೂರ್ಯನೂ ದುಡಿಯುವುದು ಹಗಲಿನಲ್ಲೇ. ಕೃಷಿ ಫೀಡರುಗಳಿಗೆ ಸೌರಶಕ್ತಿ ಜೋಡಿಸಲು 2019ರ ಕುಸುಮ್ ಯೋಜನೆ ದಾರಿ ತೆರೆದಿದೆ. ಅದು ನಮ್ಮ ಹಳ್ಳಿಗಳಿಗೆ ಆದ್ಯತೆಯಲ್ಲಿ ಬರಲಿ.

ವಿದ್ಯಾರ್ಥಿ ಮಿತ್ರರೇ, ದರ ಏರಿಕೆಯ ಮುನ್ನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿಗೆ ಘೋಷಣೆಗಳೊಡನೆ ಮಾತ್ರವಲ್ಲ, ಲೆಕ್ಕದೊಡನೆ ಹೋಗೋಣ. ಉತ್ಪಾದಿಸದ ವಿದ್ಯುತ್ತಿಗೆ ಎಷ್ಟು ಸ್ಥಿರ ಶುಲ್ಕ ಕೊಟ್ಟಿರಿ, ಸೋರಿಕೆ ಎಷ್ಟು ತಗ್ಗಿತು, ಹಗಲಿನಲ್ಲಿ ಎಷ್ಟು ಪಂಪುಗಳು ನಡೆದವು ಎಂದು ಊರೂರಿನಿಂದ ಕೇಳೋಣ. ಬಾರ್ಜುಗಳನ್ನು ಎಳೆದೊಯ್ಯಬಹುದು, ಬೆಟ್ಟವನ್ನೂ ಅದರ ಮಕ್ಕಳ ಪ್ರಶ್ನೆಯನ್ನೂ ಎಳೆದೊಯ್ಯಲಾಗದು.