ಖಾಸಗಿತನದ ಶಾಸನವೂ ನೊಂದವರ ಪಾಡೂ

2025ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಪಯಣಿಸುತ್ತಿದ್ದ ಹೆಂಗಸರ ಚಿತ್ರಗಳನ್ನು ಅವರಿಗೆ ತಿಳಿಯದಂತೆ ತೆಗೆದು ಇನ್‌ಸ್ಟಾಗ್ರಾಮಿನಲ್ಲಿ ಹರಿಯಬಿಟ್ಟ ಪ್ರಕರಣವು ವಾಚಕರ ನೆನಪಿನಲ್ಲಿರಬಹುದು. ಆ ಖಾತೆಯನ್ನು ಹಿಂಬಾಲಿಸುತ್ತಿದ್ದವರು ಐದು ಸಾವಿರಕ್ಕೂ ಹೆಚ್ಚು ಮಂದಿ. ಬನಶಂಕರಿ ಠಾಣೆಯಲ್ಲಿ ಮೊಕದ್ದಮೆ ದಾಖಲಾಗಿ, ಕೆಲವೇ ದಿನಗಳಲ್ಲಿ ಒಬ್ಬನ ಬಂಧನವಾಯಿತು. ಪೊಲೀಸಿನವರ ಈ ಚುರುಕು ಶ್ಲಾಘನೀಯವೇ. ಆದರೆ ಅಷ್ಟರೊಳಗೆ ಆ ಚಿತ್ರಗಳು ಎಷ್ಟು ಕೈಗಳಿಗೆ ಹೋದುವೋ ಬಲ್ಲವರಾರು? ಶ್ರೀಗಂಧದ ಕಾವಲಿನಿಂದಲೂ ವಿಜಯನಗರ, ಕೆಂಗೇರಿಗಳಿಂದಲೂ ಕಚೇರಿಗೆ, ಕಾಲೇಜಿಗೆ ಹೊರಡುವ ನಮ್ಮ ಮನೆಗಳ ಹೆಣ್ಣುಮಕ್ಕಳು ಈ ರೈಲನ್ನೇ ಹತ್ತುವವರು. ಹೀಗೆ ನೊಂದವರಿಗೆ ದೇಶದ ಶಾಸನವು ಕೊಡುವ ಪರಿಹಾರವೇನೆಂದು ಕೇಳುವುದು ನಮಗೆ ಕರ್ತವ್ಯವಾಗಿದೆ.

ಖಾಸಗಿತನವು ಮೂಲಭೂತ ಹಕ್ಕೆಂದು ಸ್ಥಾಪಿತವಾದುದು ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಯತ್ನದಿಂದ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ಅವರು ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1954ರಲ್ಲಿ ಎಂಟು ಮಂದಿ ನ್ಯಾಯಾಧೀಶರು ಕೊಟ್ಟಿದ್ದ ತೀರ್ಪನ್ನು ಮುಂದಿಟ್ಟು, ಅಂತಹ ಹಕ್ಕು ಸಂವಿಧಾನದಲ್ಲೇ ಇಲ್ಲವೆಂದು ಕೇಂದ್ರ ಸರ್ಕಾರದವರು ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಆ ಹಕ್ಕಿಗೆ ಕಾವಲಾಗಿ ಹುಟ್ಟಿದುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನ. ಅದರ ನಿಯಮಗಳು ಹೊರಬಿದ್ದುದು 2025ರ ನವೆಂಬರಿನಲ್ಲಿ. ಮುಖ್ಯ ವಿಧಿಗಳಿಗೆ ಮತ್ತೆ ಹದಿನೆಂಟು ತಿಂಗಳ ಗಡುವು. ಈ ವಿಳಂಬವನ್ನಾದರೂ ಸಹಿಸಬಹುದು. ಸಹಿಸಲಾಗದ ಸಂಗತಿ ಬೇರೆ ಇದೆ. ಜನರ ದತ್ತಾಂಶವನ್ನು ಜೋಪಾನಮಾಡದ ಕಂಪೆನಿಗೆ 250 ಕೋಟಿ ರೂಪಾಯಿಗಳವರೆಗೆ ಜುಲ್ಮಾನೆ ಉಂಟು. ಆ ಹಣವೆಲ್ಲವೂ ಭಾರತದ ಸಂಚಿತ ನಿಧಿಗೆ ಸೇರತಕ್ಕದ್ದು. ನೊಂದವರಿಗೆ ಅದರಲ್ಲಿ ಒಂದು ಕಾಸೂ ಇಲ್ಲ. ಮಾಹಿತಿ ತಂತ್ರಜ್ಞಾನ ಶಾಸನಕ್ಕೆ 2008ರ ತಿದ್ದುಪಡಿಯಿಂದ ಸೇರಿದ 43ಎ ವಿಧಿಯು, ಅಜಾಗರೂಕತೆ ತೋರಿದ ಕಂಪೆನಿಯಿಂದ ನಷ್ಟಪರಿಹಾರ ಪಡೆಯುವ ಮಾರ್ಗವನ್ನು ತೆರೆದಿತ್ತು. ಹೊಸ ಶಾಸನವು ಆ ವಿಧಿಯನ್ನೇ ಕಿತ್ತುಹಾಕುವಂತೆ ರಚಿತವಾಗಿದೆ. ಮೇಲಾಗಿ, ಹುರುಳಿಲ್ಲದ ದೂರು ಕೊಟ್ಟ ಪ್ರಜೆಗೇ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ!

ಮೆಟ್ರೊ ಪ್ರಕರಣದ ಹೆಂಗಸರ ಪಾಡು ಇನ್ನೂ ವಿಚಿತ್ರವಾದುದು. ತಾನು ಮೊದಲು ಒಪ್ಪಿ ಕೊಟ್ಟ ದತ್ತಾಂಶವನ್ನು ಅಳಿಸಿರೆಂದು ಕೇಳುವ ಹಕ್ಕನ್ನು 12ನೆಯ ವಿಧಿಯು ಕೊಡುತ್ತದೆ. ಇವರಾದರೋ ಒಪ್ಪಿಗೆಯನ್ನೇ ಕೊಟ್ಟವರಲ್ಲ. ಒಪ್ಪಿ ಕೊಟ್ಟವರಿಗಿರುವ ಹಕ್ಕು, ಕದ್ದೊಯ್ಯಲ್ಪಟ್ಟವರಿಗೆ ಇಲ್ಲದಿರುವುದು ಯಾವ ನ್ಯಾಯ? ನಗ್ನಚಿತ್ರಗಳನ್ನು ದೂರು ಬಂದ ಮೇಲೆ ತೆಗೆಸಲು ಬೇರೆ ನಿಯಮವುಂಟು; ಸೀರೆಯುಟ್ಟು ಕೆಲಸಕ್ಕೆ ಹೊರಟ ಹೆಂಗಸಿನ ಚಿತ್ರವು ಆ ನಿಯಮದೊಳಗೆ ಸುಲಭವಾಗಿ ಸೇರದು. ರೈಲು ಸಾರ್ವಜನಿಕ ಸ್ಥಳವಲ್ಲವೇ, ಅಲ್ಲಿ ಖಾಸಗಿಯೇನು ಬಂತು ಎಂದು ಕೆಲವರು ಕೇಳುವುದುಂಟು. ಸಂತೆಯ, ಸಭೆಯ ಚಿತ್ರ ತೆಗೆಯುವವರಲ್ಲಿ ಪತ್ರಿಕೆಯವರಾದ ನಾವೂ ಸೇರಿದ್ದೇವೆ. ಆದರೆ ಜನಸಂದಣಿಯ ಚಿತ್ರ ಬೇರೆ, ಒಬ್ಬಳನ್ನೇ ಗುರಿಯಿಟ್ಟು ಹಿಂಬಾಲಿಸಿ ತೆಗೆದ ಚಿತ್ರ ಬೇರೆ. ಈ ಭೇದವನ್ನು ತಿಳಿಯಲು ಕಾನೂನಿನ ಪಾಂಡಿತ್ಯ ಬೇಕಾಗಿಲ್ಲ.

ಶ್ರೀಗಂಧದ ಕಾವಲೆಂಬ ಹೆಸರು ಹಳೆಯದೊಂದು ಕಾನೂನನ್ನು ನೆನಪಿಗೆ ತರುತ್ತದೆ. ಮೈಸೂರು ಸೀಮೆಯಲ್ಲಿ ಗಂಧವು ರಾಜವೃಕ್ಷ; ರೈತನ ಹೊಲದಲ್ಲಿ ಹುಟ್ಟಿ ಬೆಳೆದರೂ ಅದು ಸರ್ಕಾರದ ಸೊತ್ತು. ಬೆಳೆದವನಿಗೇ ಒಡೆತನ ದೊರೆತುದು 2001ರ ತಿದ್ದುಪಡಿಯಿಂದ. ನಮ್ಮ ಮುಖ, ಹೆಸರು, ಓಡಾಟಗಳ ವಿವರಕ್ಕೂ ಈಗ ಅದೇ ಗತಿ ಬಂದಿದೆ: ಹುಟ್ಟುವುದು ನಮ್ಮಲ್ಲಿ, ಲಾಭ ಕಂಪೆನಿಗೆ, ಜುಲ್ಮಾನೆ ಬೊಕ್ಕಸಕ್ಕೆ.

ಎರಡು ತಿದ್ದುಪಡಿಗಳು ತುರ್ತಾಗಿ ಆಗಬೇಕು. ನಷ್ಟಪರಿಹಾರ ಕೇಳುವ ಹಕ್ಕನ್ನು ಹೊಸ ಶಾಸನದೊಳಗೇ ಸೇರಿಸಬೇಕು. ಒಪ್ಪಿಗೆಯಿಲ್ಲದೆ ಹರಡಲ್ಪಟ್ಟ ಚಿತ್ರವನ್ನು ಅಳಿಸುವ ಹೊಣೆಯನ್ನು, ಅದನ್ನು ತೋರಿಸಿ ಜಾಹೀರಾತಿನ ಹಣ ಗಳಿಸುವ ಕಂಪೆನಿಯ ಮೇಲೆ ಹೊರಿಸಬೇಕು. ಬೆಂಗಳೂರಿನಿಂದ ಆರಿಸಿಹೋದ ಲೋಕಸಭಾ ಸದಸ್ಯರು ಪಕ್ಷಭೇದವೆಣಿಸದೆ ಇವನ್ನು ಸಭೆಯ ಮುಂದಿಡುವರೆಂದು ನಿರೀಕ್ಷಿಸುತ್ತೇವೆ.