ಮೊದಲು ಬೆಳಕಿನ ದಿಕ್ಕು, ಆಮೇಲೆ ಬಣ್ಣ

ಹುಣಸೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಈಚೆಗೆ ಎಂಟು, ಒಂಬತ್ತನೇ ತರಗತಿಯ ಮಕ್ಕಳು ಅಪ್ಪನ ಮೊಬೈಲಿನಲ್ಲಿ ಚೌಕ ಚೌಕವಾಗಿ ಬಣ್ಣ ತುಂಬಿ ಬರೆದ ಚಿತ್ರಗಳನ್ನು ತಂದು ತೋರಿಸುತ್ತಾರೆ. ಪಿಕ್ಸೆಲ್ ಆರ್ಟ್ ಎನ್ನುತ್ತಾರೆ. ಹಳೆಯ ವಿಡಿಯೊ ಗೇಮಿನಲ್ಲಿ ಮೀಸೆಯ ಮಾರಿಯೊ ಓಡುತ್ತಿದ್ದನಲ್ಲ, ಆ ಬಗೆಯ ಚಿತ್ರ. ಕತ್ತಿ, ಮರ, ನಾಣ್ಯ, ಆನೆ ಎಲ್ಲ ಇರುತ್ತವೆ. ಆದರೆ ಎಲ್ಲವೂ ಚಪ್ಪಟೆ. ‘ಸಾರ್, ಗುಂಡಗೆ ಕಾಣ್ತಾನೇ ಇಲ್ಲ, ಏನ್ ಮಾಡ್ಲಿ?’ ಎಂದು ಕೇಳುತ್ತಾರೆ.

ಇದನ್ನು ಮೊಬೈಲ್ ಹುಚ್ಚು ಎಂದು ತಳ್ಳಿಹಾಕುವವರಿದ್ದಾರೆ. ನನ್ನ ಪಾಲಿಗೆ ಇದು ಚಿತ್ರಕಲೆಯ ಮೂಲ ಪ್ರಶ್ನೆ. ಚಪ್ಪಟೆ ಹಾಳೆಯ ಮೇಲೆ ಉಬ್ಬು, ತಗ್ಗು, ದಪ್ಪ, ದೂರ ಕಾಣಿಸುವುದು ಹೇಗೆ? ಮಕ್ಕಳು ತಾವಾಗಿಯೇ ಇದನ್ನು ಕೇಳುತ್ತಿರುವಾಗ ಉತ್ತರ ಕೊಡುವ ಜವಾಬ್ದಾರಿ ಶಾಲೆಯದು. ಅದಕ್ಕೆ ಬೇಕಾಗುವುದು ಒಂದು ಗ್ರಾಫ್ ಪುಸ್ತಕ, ಒಂದೇ ಬಣ್ಣದ ನಾಲ್ಕು ಛಾಯೆ, ಮತ್ತು ಜೊತೆಗೆ ಕೂರುವ ಒಬ್ಬ ಶಿಕ್ಷಕ.

ಹೇಳಿಕೊಡುವವರಿಲ್ಲದಿದ್ದರೆ ಮಕ್ಕಳು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ: ಅಂಚಿನ ಸುತ್ತ ಕಡುಬಣ್ಣ, ಅದರ ಒಳಗೊಂದು ಸುತ್ತು ತಿಳಿಬಣ್ಣ, ನಟ್ಟನಡುವೆ ಬಿಳಿ ಚುಕ್ಕೆ. ಪಿಕ್ಸೆಲ್ ಕಲಾವಿದರು ಇದಕ್ಕೆ ಪಿಲ್ಲೋ ಶೇಡಿಂಗ್ ಎಂದು ಹೆಸರಿಟ್ಟು, ಹೊಸಬರು ಮೊದಲು ಬಿಡಬೇಕಾದ ಅಭ್ಯಾಸ ಎನ್ನುತ್ತಾರೆ. ಇದರಲ್ಲಿ ಬೆಳಕು ಯಾವ ದಿಕ್ಕಿನಿಂದಲೂ ಬರುವುದಿಲ್ಲ. ವಸ್ತುವಿನ ಆಕಾರ ಏನೇ ಇರಲಿ, ಅದೇ ಉಬ್ಬು, ಅದೇ ಊತ. ಆದ್ದರಿಂದ ನನ್ನ ತರಗತಿಯಲ್ಲಿ ಪೆನ್ಸಿಲ್ ಹಿಡಿದ ಕೂಡಲೇ ಹಾಳೆಯ ಮೂಲೆಯಲ್ಲಿ ಸಣ್ಣ ಸೂರ್ಯನನ್ನು ಗುರುತು ಹಾಕಬೇಕು. ಆ ಸೂರ್ಯ ಇಲ್ಲದ ಹಾಳೆಗೆ ಬಣ್ಣ ಮುಟ್ಟಿಸುವಂತಿಲ್ಲ.

ಉದ್ದ ಹದಿನಾರು, ಅಗಲ ಹದಿನಾರು, ಒಟ್ಟು 256 ಚೌಕಗಳಲ್ಲಿ ಒಂದು ಕಿತ್ತಳೆ ಹಣ್ಣು ಬರೆಯೋಣ. ಸೂರ್ಯ ಎಡಗಡೆ ಮೇಲಿದ್ದಾನೆ. ಅತಿ ತಿಳಿಯಾದ ಛಾಯೆ ಹಣ್ಣಿನ ಅಂಚಿಗೆ ಅಂಟಬಾರದು. ಎಡ ಮೇಲಂಚಿನಿಂದ ಮೂರು ಚೌಕ ಒಳಗೆ ಬರಬೇಕು. ಅದರ ಸುತ್ತ ಹಣ್ಣಿನ ನಿಜವಾದ ಬಣ್ಣ. ಬಲಕ್ಕೆ, ಕೆಳಕ್ಕೆ ಹೋದ ಹಾಗೆ ಮಂಕು, ಆಮೇಲೆ ಬಿದಿಗೆ ಚಂದ್ರನ ಆಕಾರದಲ್ಲಿ ಕಡು ನೆರಳು. ಇಲ್ಲಿಗೆ ಮುಗಿಯಿತು ಎಂದು ಮಕ್ಕಳು ಪುಸ್ತಕ ಮುಚ್ಚುತ್ತಾರೆ. ಇನ್ನೂ ಎರಡು ಕೆಲಸ ಉಳಿದಿವೆ. ಕಡು ನೆರಳಿನ ಹೊರಗೆ, ಕೊನೆಯ ಅಂಚಿನ ಒಂದು ಸಾಲು ಚೌಕ ಮತ್ತೆ ಒಂದು ಮೆಟ್ಟಿಲು ತಿಳಿಯಾಗಬೇಕು. ಮೇಜಿನ ಮೇಲೆ ಬಿದ್ದ ಬೆಳಕು ಪುಟಿದು ಹಣ್ಣಿನ ಅಡಿಗೆ ತಗಲುವುದರಿಂದ ಅಲ್ಲಿ ಪೂರ್ತಿ ಕತ್ತಲೆ ಇರುವುದಿಲ್ಲ. ಕೊನೆಗೆ, ಬಲಕ್ಕೆ ಚಾಚಿದ ನೆರಳನ್ನು ಮೇಜಿನ ಮೇಲೆ ಬರೆಯಬೇಕು. ಆಗ ಹಣ್ಣು ಗಾಳಿಯಲ್ಲಿ ತೇಲುವುದನ್ನು ಬಿಟ್ಟು ಮೇಜಿನ ಮೇಲೆ ಕೂರುತ್ತದೆ. ಇಷ್ಟಕ್ಕೆ ನಾಲ್ಕೇ ಛಾಯೆ ಸಾಕು. 1989ರಲ್ಲಿ ಬಂದ ನಿಂಟೆಂಡೊ ಗೇಮ್ ಬಾಯ್ ಪರದೆಯಲ್ಲೂ ಇದ್ದದ್ದು ನಾಲ್ಕೇ ಛಾಯೆ.

ಚಪ್ಪಟೆ ಗೋಡೆಗಳಿರುವ ವಸ್ತುವಿಗೆ ನಮ್ಮ ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಿಂತ ಒಳ್ಳೆಯ ಮಾದರಿ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ಹೊಲದ ಬದಿಯಲ್ಲಿ ಎತ್ತರಕ್ಕೆ ನಿಂತ ಆ ಕಟ್ಟಡವನ್ನು ನೋಡದ ಮಗುವಿಲ್ಲ. ಬೆಳಿಗ್ಗೆ ಅದರ ಮೂಲೆಗೆ ಎದುರಾಗಿ ನಿಲ್ಲಿಸಿ ನೋಡಿಸುತ್ತೇನೆ. ಮೂಡಲ ಗೋಡೆಗೆ ಬಿಸಿಲು, ಪಕ್ಕದ ಗೋಡೆಗೆ ನೆರಳು, ಚಾವಣಿಗೆ ಮೂರನೆಯದೇ ಒಂದು ಛಾಯೆ. ಗೋಡೆಗಳೆರಡೂ ಒಂದೇ ಇಟ್ಟಿಗೆಯವು, ಆದರೂ ಕಣ್ಣಿಗೆ ಎರಡು ಬಣ್ಣ. ಗೋಡೆಯ ಬಣ್ಣ ನಡುವೆ ನಿಧಾನವಾಗಿ ಬದಲಾಗುವುದಿಲ್ಲ, ಮೂಲೆಯಲ್ಲಿ ಥಟ್ಟನೆ ಮುರಿಯುತ್ತದೆ. ಗುಂಡು ಮೈ ಮತ್ತು ಚಪ್ಪಟೆ ಮೈಯ ವ್ಯತ್ಯಾಸವನ್ನು ಮಕ್ಕಳು ಅಲ್ಲಿ ನಿಂತು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ನೆರಳಿನ ಬಣ್ಣದ ಪಾಠವೂ ಅಲ್ಲೇ ಆಗುತ್ತದೆ. ನೆರಳು ಎಂದರೆ ಇದ್ದ ಬಣ್ಣಕ್ಕೆ ಕಪ್ಪು ಬೆರೆಸುವುದು ಎಂದು ಮಕ್ಕಳು ತಿಳಿದಿರುತ್ತಾರೆ. ಕಪ್ಪು ಬೆರೆಸಿದ ಇಟ್ಟಿಗೆ ಕೊಳಕಾಗಿ ಕಾಣುತ್ತದೆ. ಬಿಸಿಲು ಬಿದ್ದ ಕಡೆ ಬಣ್ಣ ಹಳದಿಯತ್ತ ವಾಲುತ್ತದೆ. ಬಿಸಿಲಿಲ್ಲದ ಗೋಡೆಗೆ ಬೀಳುವುದು ನೀಲಿ ಆಕಾಶದ ಬೆಳಕಾದ್ದರಿಂದ ಅಲ್ಲಿ ಇಟ್ಟಿಗೆ ನೇರಳೆಯತ್ತ ವಾಲುತ್ತದೆ. ಇದನ್ನು ಅರಿತು ಛಾಯೆ ಆರಿಸಿದರೆ ನಾಲ್ಕು ಬಣ್ಣದ ಚಿತ್ರಕ್ಕೂ ಜೀವ ಬರುತ್ತದೆ.

ಬಣ್ಣವೇ ಇಲ್ಲದಿದ್ದರೂ ಛಾಯೆ ತರಬಹುದು. 1984ರಲ್ಲಿ ಬಂದ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಸುಸಾನ್ ಕೇರ್ ಎಂಬ ಕಲಾವಿದೆ ಬರೆದ ಪುಟ್ಟ ಚಿತ್ರಗಳು ಮೊದಲು ಮೂಡಿದ್ದು ಗ್ರಾಫ್ ಪುಸ್ತಕದಲ್ಲಿ. ಮೂವತ್ತೆರಡು ಚೌಕ ಉದ್ದ, ಮೂವತ್ತೆರಡು ಚೌಕ ಅಗಲ. ಕಪ್ಪು, ಬಿಳಿ ಬಿಟ್ಟರೆ ಮೂರನೆಯ ಬಣ್ಣವಿಲ್ಲ. ಅಂಥ ಪರದೆಯಲ್ಲಿ ಬೂದು ಬೇಕೆಂದರೆ ಕಪ್ಪು ಚೌಕಗಳನ್ನು ಒಂದು ಬಿಟ್ಟು ಒಂದು ಇಡಬೇಕು, ಡಿದರಿಂಗ್ ಎನ್ನುವುದು ಇದಕ್ಕೇ. ನಿಮ್ಮ ಕೈಯಲ್ಲಿರುವ ಪತ್ರಿಕೆಯ ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿ, ಅದೂ ಚುಕ್ಕೆಗಳ ಲೆಕ್ಕಾಚಾರವೇ.

ಚೌಕದಲ್ಲಿ ಚಿತ್ರ ಬರೆಯುವುದು ಕಂಪ್ಯೂಟರ್ ಜೊತೆ ಹುಟ್ಟಿದ್ದಲ್ಲ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಬಂದು ನೆಲೆಸಿದ ಟಿಬೆಟನ್ನರು ರತ್ನಗಂಬಳಿ ನೇಯುವ ಕಸುಬನ್ನೂ ತಂದರು. ವಿನ್ಯಾಸ ಗ್ರಾಫ್ ಹಾಳೆಯಲ್ಲಿರುತ್ತದೆ; ಒಂದು ಚೌಕಕ್ಕೆ ಒಂದು ಗಂಟು. ಮೋಡ ನೇಯುವಾಗ ಕಡುನೀಲಿ, ನೀಲಿ, ತಿಳಿನೀಲಿ, ಬಿಳಿ ಎಂದು ಪಟ್ಟಿ ಪಟ್ಟಿಯಾಗಿ ಬಣ್ಣ ಇಳಿಸುತ್ತಾರೆ. ನೇಯ್ದ ಮೇಲೆ ಹೂವಿನ ಅಂಚಿನುದ್ದಕ್ಕೂ ಉಣ್ಣೆಯನ್ನು ಕತ್ತರಿಯಿಂದ ಕೊರೆದು ಹೂವನ್ನು ಉಬ್ಬಿಸುತ್ತಾರೆ. ಆ ಮೋಡಕ್ಕೆ ಸೂರ್ಯನ ದಿಕ್ಕಿಲ್ಲ, ಅಲ್ಲಿನ ಏರಿಳಿತ ಸಂಪ್ರದಾಯ ಕಟ್ಟಿಕೊಟ್ಟ ಅಲಂಕಾರ. ಕಿತ್ತಳೆಯ ಮೇಲಿನದು ಕಣ್ಣು ಕಂಡ ಬೆಳಕು. ಈ ಎರಡೂ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ನಮ್ಮ ಮಕ್ಕಳಿಗೆ ಬಸ್ಸು ಹತ್ತಿದರೆ ಸಿಗುತ್ತದೆ.

ಮೈಸೂರಿಗೆ ಪ್ರವಾಸ ಹೋದಾಗ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಎಲ್ಲರೂ ನೋಡುತ್ತಾರೆ. ಎಸ್.ಎಲ್. ಹಳದಣಕರ್ 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದ ಚಿತ್ರ ಅದು. ‘ದೀಪ ಎಲ್ಲಿದೆ? ಮುಖದ ಯಾವ ಭಾಗ ಬೆಳಗಿದೆ? ಬೆರಳ ಸಂದಿಯಲ್ಲಿ ಕೆಂಪು ಯಾಕೆ?’ ಎಂದು ಅಲ್ಲಿ ನಿಂತು ಕೇಳುವ ಒಬ್ಬರು ಜೊತೆಗಿದ್ದರೆ ಆ ಪ್ರವಾಸ ಸಾರ್ಥಕ. ಇಲ್ಲವಾದರೆ ಮಕ್ಕಳು ನೋಡಿ, ಸಾಲಿನಲ್ಲಿ ಮುಂದೆ ಹೋಗುತ್ತಾರೆ.

ಆ ಒಬ್ಬರು ಬಹಳಷ್ಟು ಸರ್ಕಾರಿ ಶಾಲೆಗಳಲ್ಲಿ ಇಲ್ಲ ಎನ್ನುವುದೇ ನನ್ನ ಕಳಕಳಿ. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಉದ್ಯಮಕ್ಕೆಂದೇ ಕರ್ನಾಟಕ 2012ರಲ್ಲಿ ನೀತಿ ತಂದಿತು; 2024ರಿಂದ 29ರವರೆಗಿನ ಹೊಸ ನೀತಿಯೂ ಬಂದಿದೆ. ಒಳ್ಳೆಯದೇ. ಆದರೆ ಆ ಉದ್ಯಮಕ್ಕೆ ಬೇಕಾದ ಕಣ್ಣು ಬೆಂಗಳೂರಿನ ಕೋರ್ಸಿನಲ್ಲಿ ಇಪ್ಪತ್ತನೇ ವಯಸ್ಸಿಗೆ ತೆರೆಯುವುದಲ್ಲ, ಹಳ್ಳಿಯ ಎಂಟನೇ ತರಗತಿಯಲ್ಲಿ ತೆರೆಯುವುದು. ಚಿತ್ರಕಲಾ ಶಿಕ್ಷಕರು ನಿವೃತ್ತರಾದ ಮೇಲೆ ಆ ಜಾಗ ಖಾಲಿ ಬಿಟ್ಟು, ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟರೆ ನೀತಿಯ ಫಲ ಪಟ್ಟಣದ ಮಕ್ಕಳಿಗೆ ಮಾತ್ರ ಸಿಗುತ್ತದೆ.

‘ಈಗ ಎಐ ಕ್ಷಣದಲ್ಲಿ ಚಿತ್ರ ಬರೆದುಕೊಡುತ್ತದೆ, ಇದೆಲ್ಲ ಯಾಕೆ?’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹೇಳಲಾರದವನಿಗೆ ಯಂತ್ರ ಕೊಟ್ಟ ಚಿತ್ರದಲ್ಲಿ ಏನು ತಪ್ಪಿದೆ ಎಂಬುದೂ ಗೊತ್ತಾಗುವುದಿಲ್ಲ. ‘ಎಸ್ಸೆಸ್ಸೆಲ್ಸಿ ಅಂಕಕ್ಕೆ ಬರುತ್ತದೆಯೇ?’ ಎಂದು ಕೇಳುವ ಪೋಷಕರಿಗೂ ಒಂದು ಮಾತು. ಕೋನ, ಅನುಪಾತ, ಬೆಳಕಿನ ಪ್ರತಿಫಲನ ಇವೆಲ್ಲ ಪಠ್ಯದಲ್ಲಿ ಇರುವಂಥವೇ. ಗ್ರಾಫ್ ಹಾಳೆಯ ಮೇಲೆ ಅವನ್ನು ಕೈಯಾರೆ ಮಾಡಿದ ಮಗು ಅವನ್ನು ಮರೆಯುವುದಿಲ್ಲ.

ಸರ್ಕಾರ ಖಾಲಿ ಇರುವ ಚಿತ್ರಕಲಾ ಶಿಕ್ಷಕರ ಹುದ್ದೆ ತುಂಬಲಿ. ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ಡನ್ನು ಯಾರೂ ಕಸಿಯದಂತೆ ಮುಖ್ಯ ಶಿಕ್ಷಕರು ಕಾಯಲಿ. ಕಂಪ್ಯೂಟರ್ ಇರುವ ಶಾಲೆಯಲ್ಲಿ ಪಿಸ್ಕೆಲ್‌ನಂಥ ಉಚಿತ ತಂತ್ರಾಂಶ ತೆರೆದು ಕೊಡಿ. ಇಲ್ಲದ ಕಡೆ ಶಾಲಾಭಿವೃದ್ಧಿ ಸಮಿತಿಯವರು ಗ್ರಾಫ್ ಪುಸ್ತಕ, ಬಣ್ಣದ ಪೆನ್ಸಿಲ್ ಕೊಡಿಸಿ. ನಿಮ್ಮ ಮಗು ಮೊಬೈಲಿನಲ್ಲಿ ಚೌಕ ತುಂಬುತ್ತಾ ಕೂತಿದ್ದರೆ ಗದರುವ ಮುನ್ನ ಪಕ್ಕ ಕೂತು, ‘ಇದಕ್ಕೆ ಬೆಳಕು ಯಾವ ಕಡೆಯಿಂದ ಬರ್ತಿದೆ ಮಗಾ?’ ಎಂದು ಒಮ್ಮೆ ಕೇಳಿ.